ಅಮೆರಿಕದ ಶಿಕ್ಷಣ ಇಲಾಖೆಗೆ ಬೀಗ ಬಿದ್ದರೆ ಶಾಲೆಗಳಿಗೆ ಏನಾಗುತ್ತದೆ?

2025ರ ಮಾರ್ಚ್ 20. ವೈಟ್ ಹೌಸ್‌ನ ಈಸ್ಟ್ ರೂಮ್‌ನಲ್ಲಿ ಶಾಲೆಯ ಡೆಸ್ಕುಗಳನ್ನು ಹಾಕಿದ್ದರು. ಒಂದೊಂದು ಡೆಸ್ಕಿಗೂ ಒಂದೊಂದು ಮಗು. ಆ ಮಕ್ಕಳ ನಡುವೆ ಕೂತು ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಒಂದು ಆದೇಶಕ್ಕೆ ಸಹಿ ಹಾಕಿದರು. ಮಕ್ಕಳೂ ತಮ್ಮ ಮುಂದಿದ್ದ ಹಾಳೆಗೆ ಸಹಿ ಹಾಕಿ, ಮೇಲೆತ್ತಿ ಕ್ಯಾಮೆರಾಗೆ ತೋರಿಸಿದರು. ಕೇಂದ್ರ ಸರ್ಕಾರದ ಶಿಕ್ಷಣ ಇಲಾಖೆಯನ್ನು ಮುಚ್ಚಲು ಏನೇನು ಬೇಕೋ ಅದನ್ನೆಲ್ಲ, ಕಾನೂನು ಬಿಡುವಷ್ಟರ ಮಟ್ಟಿಗೆ, ಮಾಡಿ ಎಂಬುದು ಆ ಆದೇಶದ ತಿರುಳು.

ಅದರ ಹಿಂದೆ ಮುಂದೆ ಬಂದ ಸುದ್ದಿಗಳು ಯಾರ ತಲೆಯನ್ನಾದರೂ ಕೆಡಿಸುವಂಥವು. ಆದೇಶಕ್ಕೂ ಮೊದಲೇ, ಅರ್ಧದಷ್ಟು ನೌಕರರನ್ನು ಕಳಿಸುತ್ತಾರಂತೆ ಅಂದರು. ಬಾಸ್ಟನ್‌ನ ನ್ಯಾಯಾಧೀಶರೊಬ್ಬರು ಅದಕ್ಕೆ ತಡೆ ಕೊಟ್ಟರು. ಸುಪ್ರೀಂ ಕೋರ್ಟ್ ಆ ತಡೆಯನ್ನು ತೆಗೆಯಿತು. ನವೆಂಬರ್‌ನಲ್ಲಿ ಇಲಾಖೆಯ ಕೆಲಸಗಳನ್ನು ಬೇರೆ ಇಲಾಖೆಗಳಿಗೆ ಹಂಚಿದರು. ಇಷ್ಟೆಲ್ಲ ಆದರೂ ಇಲಾಖೆ ರದ್ದಾಗಿಲ್ಲ. ಅದಕ್ಕೊಬ್ಬ ಕಾರ್ಯದರ್ಶಿ, ಅಂದರೆ ನಮ್ಮ ಲೆಕ್ಕದಲ್ಲಿ ಸಚಿವೆ, ಲಿಂಡಾ ಮೆಕ್‌ಮಹನ್ ಕೂಡ ಇದ್ದಾರೆ. ನ್ಯೂಜೆರ್ಸಿಯಲ್ಲೋ ಡಲ್ಲಾಸ್‌ನಲ್ಲೋ ಇರುವ ಮಗಳಿಗೆ ಫೋನ್ ಮಾಡಿ "ಮೊಮ್ಮಗನ ಸ್ಕೂಲು ಮುಚ್ಚಿಬಿಡುತ್ತಾ?" ಎಂದು ಕೇಳುವವರ ಆತಂಕ ಸಹಜವೇ.

ಶಾಲೆ ಮುಚ್ಚುವುದಿಲ್ಲ. ಹಾಗಂತ ಏನೂ ಆಗುವುದಿಲ್ಲ ಎನ್ನುವುದೂ ಸರಿಯಲ್ಲ. ಈ ಎರಡು ಮಾತೂ ಒಟ್ಟಿಗೆ ಹೇಗೆ ನಿಜ ಎಂದು ತಿಳಿಯಬೇಕಾದರೆ ಇನ್ನೂರು ವರ್ಷಕ್ಕೂ ಹಿಂದೆ ಹೋಗಬೇಕು.

ಶಾಲೆ ನಡೆಸುವುದು ಈ ಇಲಾಖೆಯಲ್ಲ

ನಮ್ಮಲ್ಲಿ ಶಿಕ್ಷಣ ಇಲಾಖೆ ಅಂದ ಕೂಡಲೇ ಬಿಇಒ ಆಫೀಸು, ಮೇಷ್ಟ್ರ ವರ್ಗಾವಣೆ, ಪಠ್ಯಪುಸ್ತಕ, ಎಸ್ಸೆಸ್ಸೆಲ್ಸಿ ಪರೀಕ್ಷೆ ಕಣ್ಣ ಮುಂದೆ ಬರುತ್ತವೆ. ಗೊಂದಲ ಹುಟ್ಟುವುದೇ ಇಲ್ಲಿಂದ. ವಾಷಿಂಗ್ಟನ್‌ನ ಶಿಕ್ಷಣ ಇಲಾಖೆಗೆ ಇದರಲ್ಲಿ ಒಂದು ಕೆಲಸವೂ ಇಲ್ಲ.

ಅಮೆರಿಕದ ಸರ್ಕಾರಿ ಶಾಲೆಗಳಲ್ಲಿ ಸುಮಾರು 5 ಕೋಟಿ ಮಕ್ಕಳು ಓದುತ್ತಾರೆ. ಆ ಶಾಲೆಗಳನ್ನು ನಡೆಸುವುದು ಸುಮಾರು 13,000 ಸ್ಕೂಲ್ ಡಿಸ್ಟ್ರಿಕ್ಟ್‌ಗಳು, ಅಂದರೆ ಊರಿನ ಮಟ್ಟದ ಶಾಲಾ ಆಡಳಿತಗಳು. ಹೆಚ್ಚಿನ ಕಡೆ ಊರಿನ ಜನ ಓಟು ಹಾಕಿ ಆರಿಸಿದ ಶಾಲಾ ಮಂಡಳಿ ಅವನ್ನು ನೋಡಿಕೊಳ್ಳುತ್ತದೆ. ಏನು ಕಲಿಸಬೇಕು, ಯಾವ ಪುಸ್ತಕ, ಟೀಚರ್‌ಗೆ ಎಷ್ಟು ಸಂಬಳ ಎಂಬುದೆಲ್ಲ ರಾಜ್ಯ ಮತ್ತು ಆ ಮಂಡಳಿಯ ಕೈಯಲ್ಲಿದೆ. ಶಾಲೆಗೆ ಖರ್ಚಾಗುವ ಪ್ರತಿ 100 ಡಾಲರ್‌ನಲ್ಲಿ ವಾಷಿಂಗ್ಟನ್‌ನಿಂದ ಬರುವುದು ಸುಮಾರು 10. ಉಳಿದದ್ದು ರಾಜ್ಯದ ಖಜಾನೆಯಿಂದ ಮತ್ತು ಆ ಊರಿನ ಮನೆ, ಜಾಗದ ಮೇಲಿನ ಆಸ್ತಿ ತೆರಿಗೆಯಿಂದ. ಅಲ್ಲಿರುವ ನಮ್ಮವರು ಮನೆ ಕೊಳ್ಳುವ ಮುಂಚೆ "ಸ್ಕೂಲ್ ಡಿಸ್ಟ್ರಿಕ್ಟ್ ಹೇಗಿದೆ?" ಎಂದು ಕೇಳುವುದು ಸುಮ್ನೆ ಅಲ್ಲ. ಮನೆಯ ಬೆಲೆಯೂ ಶಾಲೆಯ ಗುಣಮಟ್ಟವೂ ಅಲ್ಲಿ ಒಂದಕ್ಕೊಂದು ಅಂಟಿಕೊಂಡಿವೆ.

ಹಾಗಾದರೆ ಇಲಾಖೆ ಮಾಡುವುದೇನು? ಬಡ ಮಕ್ಕಳು ಹೆಚ್ಚಿರುವ ಶಾಲೆಗಳಿಗೆ ವರ್ಷಕ್ಕೆ ಸುಮಾರು 1,800 ಕೋಟಿ ಡಾಲರ್ ಕೊಡುತ್ತದೆ. ಇದಕ್ಕೆ ಅಲ್ಲಿ 'ಟೈಟಲ್ ಒನ್' ಎನ್ನುತ್ತಾರೆ. ಅಂಗವೈಕಲ್ಯ ಇರುವ ಮಕ್ಕಳ ಓದಿಗೆ ಸುಮಾರು 1,500 ಕೋಟಿ ಡಾಲರ್ ಕೊಡುತ್ತದೆ. ಕಾಲೇಜು ಓದಲು ಸಾಲ ಕೊಡುತ್ತದೆ. 4 ಕೋಟಿಗೂ ಹೆಚ್ಚು ಜನ ಆ ಸಾಲ ಹೊತ್ತಿದ್ದಾರೆ, ಒಟ್ಟು ಮೊತ್ತ ಸುಮಾರು 1.6 ಲಕ್ಷ ಕೋಟಿ ಡಾಲರ್. ಶಾಲೆಯಲ್ಲಿ ಬಣ್ಣ, ಲಿಂಗ, ಅಂಗವೈಕಲ್ಯದ ಕಾರಣಕ್ಕೆ ಮಗುವಿಗೆ ಅನ್ಯಾಯವಾದರೆ ದೂರು ತೆಗೆದುಕೊಳ್ಳುತ್ತದೆ. ಜೊತೆಗೆ, ದೇಶದ ಮಕ್ಕಳು ಎಷ್ಟು ಕಲಿತಿದ್ದಾರೆ ಎಂದು ಲೆಕ್ಕ ಇಡುತ್ತದೆ. ಈ ಕೊನೆಯದು ಸಣ್ಣ ಕೆಲಸದಂತೆ ಕಾಣುತ್ತದೆ. ಆದರೆ ಇಲಾಖೆಯ ಕಥೆ ಶುರುವಾದದ್ದೇ ಅದರಿಂದ.

ಸಂವಿಧಾನದಲ್ಲಿ ಇಲ್ಲದ ಪದ

1787ರಲ್ಲಿ ಬರೆದ ಅಮೆರಿಕದ ಸಂವಿಧಾನದಲ್ಲಿ 'ಶಿಕ್ಷಣ' ಎಂಬ ಪದವೇ ಇಲ್ಲ. ಕೇಂದ್ರಕ್ಕೆ ಕೊಡದ ಅಧಿಕಾರವೆಲ್ಲ ರಾಜ್ಯಗಳಿಗೆ, ಜನರಿಗೆ ಸೇರಿದ್ದು ಎಂದು 1791ರ ಹತ್ತನೇ ತಿದ್ದುಪಡಿ ಹೇಳಿತು. ಹಾಗಾಗಿ ಶಾಲೆ ರಾಜ್ಯದ ವಿಷಯವಾಯಿತು.

ಆದರೆ ಹೊಸ ದೇಶ ಕಟ್ಟಿದವರು ಶಾಲೆಯನ್ನು ಮರೆತಿರಲಿಲ್ಲ. ಸಂವಿಧಾನಕ್ಕೂ ಮೊದಲು, 1785ರಲ್ಲಿ ಒಂದು ಭೂ ಕಾಯ್ದೆ ಬಂತು. ಪಶ್ಚಿಮದ ನೆಲವನ್ನು 6 ಮೈಲಿ ಉದ್ದ, 6 ಮೈಲಿ ಅಗಲದ ಟೌನ್‌ಶಿಪ್‌ಗಳಾಗಿ ಅಳೆದು, ಒಂದೊಂದನ್ನೂ 36 ಚೌಕ ಮಾಡಿದರು. ಅದರಲ್ಲಿ 16ನೇ ಚೌಕವನ್ನು ಆ ಊರಿನ ಶಾಲೆಗೆಂದೇ ಮೀಸಲಿಟ್ಟರು. ಸರ್ಕಾರದ ಬಳಿ ಆಗ ದುಡ್ಡಿರಲಿಲ್ಲ, ನೆಲ ಇತ್ತು. ಆ ನೆಲ ಮೂಲನಿವಾಸಿಗಳಿಂದ ಕಿತ್ತುಕೊಂಡದ್ದು ಎಂಬುದನ್ನೂ ಹೇಳಲೇಬೇಕು.

ಈ ನಡೆ ಮುಂದಿನ ಎಲ್ಲದಕ್ಕೂ ಮಾದರಿ. ಶಾಲೆ ನಡೆಸುವ ಅಧಿಕಾರ ವಾಷಿಂಗ್ಟನ್‌ಗೆ ಇಲ್ಲ. ಒಳಗೆ ಬರಲು ಅದಕ್ಕೆ ಎರಡೇ ಬಾಗಿಲು: ಒಂದು ಹಣದ್ದು, ಇನ್ನೊಂದು ಹಕ್ಕಿನದು. ಈ ಬಾಗಿಲುಗಳೂ ತಾವಾಗಿ ತೆರೆದುಕೊಂಡಿಲ್ಲ. ದೇಶಕ್ಕೆ ಯಾವುದೋ ಪೆಟ್ಟು ಬಿದ್ದಾಗಲೇ ತೆರೆದಿವೆ.

ನಾಲ್ಕು ಜನರ ಇಲಾಖೆ

ಮೊದಲ ದೊಡ್ಡ ಪೆಟ್ಟು, ಗುಲಾಮಗಿರಿಯ ಕಾರಣಕ್ಕೆ ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವೆ ನಡೆದ ಅಂತರ್ಯುದ್ಧ. ಜಮೀನು ಕೊಟ್ಟು ಕಾಲೇಜು ಕಟ್ಟಿಸುವ ಮಸೂದೆಯೊಂದನ್ನು 1859ರಲ್ಲಿ ಅಧ್ಯಕ್ಷ ಬುಕಾನನ್ ತಿರಸ್ಕರಿಸಿದ್ದರು. ದಕ್ಷಿಣದ ರಾಜ್ಯಗಳೂ ಅದನ್ನು ಒಪ್ಪಿರಲಿಲ್ಲ. ಆ ರಾಜ್ಯಗಳು ಒಕ್ಕೂಟ ಬಿಟ್ಟು ಹೋದ ಮೇಲೆ ಸಂಸತ್ತಿನಲ್ಲಿ ತಡೆಯುವವರೇ ಇರಲಿಲ್ಲ. 1862ರ ಜುಲೈ 2ರಂದು, ಯುದ್ಧದ ನಟ್ಟನಡುವೆ, ಅಬ್ರಹಾಂ ಲಿಂಕನ್ ಅಂಥದ್ದೇ ಮಸೂದೆಗೆ ಸಹಿ ಹಾಕಿದರು. ಅದು ಮೊರಿಲ್ ಕಾಯ್ದೆ. ಸಂಸತ್ತಿನಲ್ಲಿರುವ ಒಬ್ಬೊಬ್ಬ ಸದಸ್ಯನಿಗೆ 30,000 ಎಕರೆಯಂತೆ ಪ್ರತಿ ರಾಜ್ಯಕ್ಕೂ ಭೂಮಿ ಸಿಕ್ಕಿತು. ಇವತ್ತು ನಮ್ಮ ಹುಡುಗರು ಎಂಎಸ್ ಮಾಡಲು ಹೋಗುವ ಪರ್ಡ್ಯೂ, ಟೆಕ್ಸಸ್ ಎ ಅಂಡ್ ಎಂ, ಕಾರ್ನೆಲ್ ಎಲ್ಲವೂ ಆ ಕಾಯ್ದೆಯ ಫಲ.

ಯುದ್ಧ ಮುಗಿದ ಮೇಲೆ ಎದುರಾದ ಪ್ರಶ್ನೆ ಇನ್ನೂ ದೊಡ್ಡದು. ದಕ್ಷಿಣದ ಹಲವು ರಾಜ್ಯಗಳಲ್ಲಿ ಗುಲಾಮರಿಗೆ ಅಕ್ಷರ ಕಲಿಸುವುದೇ ಅಪರಾಧವಾಗಿತ್ತು. ಈಗ ಅವರೆಲ್ಲ ಸ್ವತಂತ್ರರು. ಓದು ಬರಹ ಬರದವರು ಎಷ್ಟು ಜನ, ಶಾಲೆಗಳು ಎಷ್ಟು? ಯಾರ ಬಳಿಯೂ ಲೆಕ್ಕ ಇರಲಿಲ್ಲ. 1867ರಲ್ಲಿ ಮೊದಲ ಬಾರಿಗೆ 'ಶಿಕ್ಷಣ ಇಲಾಖೆ' ಹುಟ್ಟಿದ್ದು ಈ ಲೆಕ್ಕಕ್ಕಾಗಿ. ಅಂಕಿಅಂಶ ಕೂಡಿಸಿ, ಜನರ ಮುಂದಿಡುವುದು ಅದರ ಕೆಲಸ. ಹೆನ್ರಿ ಬರ್ನಾರ್ಡ್ ಎಂಬ ಕಮಿಷನರ್, ಕೆಳಗೆ ಮೂವರು ಗುಮಾಸ್ತರು. ನಾಲ್ಕೇ ಜನ.

ಆ ನಾಲ್ವರನ್ನು ಕಂಡೂ ಹಲವರು ಹೆದರಿದರು. ಇವತ್ತು ಲೆಕ್ಕ ಕೇಳುವವರು ನಾಳೆ ಅಧಿಕಾರ ಕೇಳುತ್ತಾರೆ ಎಂದರು. ಒಂದೇ ವರ್ಷದಲ್ಲಿ ಅದರ 'ಇಲಾಖೆ' ಪಟ್ಟ ಕಿತ್ತು, ಒಂದು ಸಣ್ಣ ಕಚೇರಿಯಾಗಿ ಇಳಿಸಿದರು. ಟ್ರಂಪ್ ಆದೇಶದ ಹಿಂದಿರುವ ವಾದಕ್ಕೆ ಹೀಗೆ 150 ವರ್ಷಕ್ಕೂ ಜಾಸ್ತಿ ವಯಸ್ಸಾಗಿದೆ. ಲೆಕ್ಕ ಮಾತ್ರ ನಿಲ್ಲಲಿಲ್ಲ. ಓದು ಬರಹ ಬಾರದ ಕಪ್ಪು ಜನರು ನೂರಕ್ಕೆ 80ರಷ್ಟು ಎಂದು 1870ರ ಜನಗಣತಿ ತೋರಿಸಿತು. ಎಷ್ಟು ಅನ್ಯಾಯವಾಗಿದೆ ಎಂದು ಗೊತ್ತಾಗುವುದು ಯಾರಾದರೂ ಕೂತು ಎಣಿಸಿದಾಗಲೇ ಅಲ್ವಾ?

ಆಕಾಶದಲ್ಲಿ ಸ್ಪುಟ್ನಿಕ್, ಶಾಲೆಯ ಬಾಗಿಲಲ್ಲಿ ಸೈನಿಕರು

ಮುಂದಿನ ಪೆಟ್ಟುಗಳು ಇಪ್ಪತ್ತನೇ ಶತಮಾನದಲ್ಲಿ ಒಂದರ ಹಿಂದೊಂದು ಬಂದವು. ಎರಡನೇ ಮಹಾಯುದ್ಧ ಮುಗಿಸಿ ಬರುವ ಲಕ್ಷಾಂತರ ಸೈನಿಕರಿಗೆ ಕೆಲಸ ಎಲ್ಲಿದೆ ಎಂಬ ಭಯದಿಂದ 1944ರಲ್ಲಿ ಜಿಐ ಬಿಲ್ ಎಂಬ ಕಾನೂನು ಹುಟ್ಟಿತು. ಸರ್ಕಾರವೇ ಫೀಸು ಕಟ್ಟಿ ಅವರನ್ನು ಕಾಲೇಜಿಗೆ ಕಳಿಸಿತು. 1947ರಲ್ಲಿ ಅಮೆರಿಕದ ಕಾಲೇಜು ವಿದ್ಯಾರ್ಥಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಮಾಜಿ ಸೈನಿಕರು. ಕಾಲೇಜು ಶ್ರೀಮಂತರ ಮನೆಯವರಿಗೆ ಮಾತ್ರ ಎಂಬ ಭಾವನೆ ಹೋದದ್ದು ಆಗಲೇ.

1957ರ ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟ ಮೊದಲ ಕೃತಕ ಉಪಗ್ರಹ ಸ್ಪುಟ್ನಿಕ್ ಹಾರಿಸಿತು. ನಮ್ಮ ಮಕ್ಕಳು ಗಣಿತ, ವಿಜ್ಞಾನದಲ್ಲಿ ಹಿಂದೆ ಬಿದ್ದರೇ ಎಂದು ದೇಶವೇ ಬೆಚ್ಚಿತು. ಒಂದು ವರ್ಷ ತುಂಬುವ ಮೊದಲೇ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯ್ದೆ ಬಂತು. ಹೆಸರಿನಲ್ಲಿರುವ 'ರಕ್ಷಣಾ' ಪದವನ್ನು ಗಮನಿಸಿ. ಶಿಕ್ಷಣಕ್ಕೆ ಹಣ ಕೊಡಿ ಎಂದರೆ ಒಪ್ಪದವರು ದೇಶ ರಕ್ಷಣೆಗೆ ಎಂದರೆ ಒಪ್ಪಿದರು. ವಿದ್ಯಾರ್ಥಿಗಳಿಗೆ ಸರ್ಕಾರಿ ಸಾಲ ಶುರುವಾದದ್ದು ಈ ಕಾಯ್ದೆಯಿಂದ. ಚಿಕಾಗೋ, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯಗಳ ದಕ್ಷಿಣ ಏಷ್ಯಾ ಕೇಂದ್ರಗಳು ಬೆಳೆದದ್ದು, ನಮ್ಮ ಕಡೆಯ ಭಾಷೆಗಳನ್ನು ಅಲ್ಲಿನವರು ಕೂತು ಕಲಿತದ್ದು ಕೂಡ ಇದೇ ಹಣದ ಬೆಂಬಲದಿಂದ.

ಇದು ಹಣದ ಬಾಗಿಲು. ಹಕ್ಕಿನ ಬಾಗಿಲು ತೆರೆದದ್ದು 1954ರ ಮೇ 17ರಂದು. ಕನ್ಸಾಸ್ ರಾಜ್ಯದ ಟೊಪೀಕಾ ಊರಿನ ಲಿಂಡಾ ಬ್ರೌನ್ ಎಂಬ ಪುಟ್ಟ ಹುಡುಗಿಯನ್ನು ಹತ್ತಿರದ ಶಾಲೆ ಸೇರಿಸಿಕೊಳ್ಳಲಿಲ್ಲ, ಏಕೆಂದರೆ ಅದು ಬಿಳಿಯರ ಶಾಲೆ. ಕಪ್ಪು ಮಕ್ಕಳಿಗೆ ಬೇರೆ ಶಾಲೆ ಎಂಬ ಪದ್ಧತಿಯೇ ಸಂವಿಧಾನಕ್ಕೆ ವಿರುದ್ಧ ಎಂದು ಸುಪ್ರೀಂ ಕೋರ್ಟ್‌ನ ಒಂಬತ್ತೂ ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ ಹೇಳಿದರು. ತೀರ್ಪು ಬಂದ ಮಾತ್ರಕ್ಕೆ ಶಾಲೆಗಳ ಬಾಗಿಲು ತೆರೆಯಲಿಲ್ಲ. 1957ರಲ್ಲಿ ಅರ್ಕಾನ್ಸಾದ ಲಿಟ್ಲ್ ರಾಕ್‌ನಲ್ಲಿ ಒಂಬತ್ತು ಕಪ್ಪು ವಿದ್ಯಾರ್ಥಿಗಳನ್ನು ಶಾಲೆಯೊಳಗೆ ಕರೆದೊಯ್ಯಲು ಅಧ್ಯಕ್ಷ ಐಸೆನ್‌ಹೋವರ್ ಸೈನ್ಯ ಕಳಿಸಬೇಕಾಯಿತು. ತೀರ್ಪು ಬಂದು 10 ವರ್ಷವಾದರೂ ದಕ್ಷಿಣದಲ್ಲಿ ಬಿಳಿಯರ ಜೊತೆ ಕೂತು ಕಲಿಯುತ್ತಿದ್ದ ಕಪ್ಪು ಮಕ್ಕಳು ನೂರಕ್ಕೆ ಇಬ್ಬರೋ ಮೂವರೋ ಅಷ್ಟೇ.

ಕೊಟುಲಾದ ಮೇಷ್ಟ್ರು

ಎರಡೂ ಬಾಗಿಲನ್ನು ಒಂದು ಮಾಡಿದವರು ಅಧ್ಯಕ್ಷ ಲಿಂಡನ್ ಜಾನ್ಸನ್. ಅವರ ಕಥೆಯ ಮುಂದೆ ಸ್ವಲ್ಪ ನಿಲ್ಲಬೇಕು.

1928. ಟೆಕ್ಸಸ್‌ನ ಕೊಟುಲಾ ಎಂಬ ಸಣ್ಣ ಊರು. ಕಾಲೇಜಿಗೆ ದುಡ್ಡು ಸಾಲದೆ, ಓದನ್ನು ಒಂದು ವರ್ಷ ನಿಲ್ಲಿಸಿದ 20ರ ಹುಡುಗ ಜಾನ್ಸನ್ ಅಲ್ಲಿ ಮೇಷ್ಟ್ರಾಗಿ ಬಂದರು. ಮೆಕ್ಸಿಕನ್ ಮೂಲದ ಕೂಲಿಕಾರರ ಮಕ್ಕಳಿಗೆಂದೇ ಇದ್ದ ಶಾಲೆ ಅದು. ಎಷ್ಟೋ ಮಕ್ಕಳು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರುತ್ತಿದ್ದರು. ಆಡಲು ಒಂದು ಚೆಂಡೂ ಇರಲಿಲ್ಲ. ಮೊದಲ ಸಂಬಳದಲ್ಲಿ ಜಾನ್ಸನ್ ಆಟದ ಸಾಮಾನು ಕೊಂಡು ತಂದರು. 37 ವರ್ಷದ ನಂತರ, 1965ರ ಮಾರ್ಚ್‌ನಲ್ಲಿ, ಅಧ್ಯಕ್ಷರಾಗಿ ಸಂಸತ್ತಿನ ಮುಂದೆ ನಿಂತು ಮತದಾನದ ಹಕ್ಕಿನ ಬಗ್ಗೆ ಮಾತಾಡುವಾಗ ಆ ಮಕ್ಕಳನ್ನು ನೆನೆದರು. ಜನ ತಮ್ಮನ್ನು ಯಾಕೆ ದ್ವೇಷಿಸುತ್ತಾರೆ ಎಂದು ಆ ಮಕ್ಕಳಿಗೆ ತಿಳಿಯುತ್ತಿರಲಿಲ್ಲ, ಆದರೆ ದ್ವೇಷಿಸುತ್ತಾರೆ ಎಂಬುದು ಗೊತ್ತಿತ್ತು ಎಂದರು.

ಅದೇ ವರ್ಷ ಏಪ್ರಿಲ್ 11ರಂದು ಪ್ರಾಥಮಿಕ ಮತ್ತು ಪ್ರೌಢ ಶಿಕ್ಷಣ ಕಾಯ್ದೆಗೆ ಸಹಿ ಹಾಕಲು ಅವರು ವಾಷಿಂಗ್ಟನ್‌ನಲ್ಲಿ ಕೂರಲಿಲ್ಲ. ಟೆಕ್ಸಸ್‌ನಲ್ಲಿ ತಾವು ಅಕ್ಷರ ಕಲಿತ ಏಕಕೊಠಡಿ ಶಾಲೆಗೆ ಹೋದರು. ಅಂಗಳದಲ್ಲಿ ಮೇಜು ಹಾಕಿಸಿದರು. ನಾಲ್ಕು ವರ್ಷದ ಮಗುವಾಗಿದ್ದಾಗ ತಮ್ಮನ್ನು ತೊಡೆಯ ಮೇಲೆ ಕೂರಿಸಿಕೊಂಡು ಓದಿಸಿದ್ದ ಟೀಚರ್ ಕೇಟ್ ಡೆಡ್ರಿಕ್ ಲೋನಿ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಹಿ ಹಾಕಿದರು. ಗೇಣಿದಾರನ ಮಗನಾದ ನನಗೆ ಗೊತ್ತು, ಬಡತನದಿಂದ ಹೊರಬರಲು ಇರುವ ಒಂದೇ ಪಾಸ್‌ಪೋರ್ಟ್ ಶಿಕ್ಷಣ ಎಂದು ಆ ದಿನ ಹೇಳಿದರು. ಟೈಟಲ್ ಒನ್ ಹಣ ಹುಟ್ಟಿದ್ದು ಆ ಮೇಜಿನ ಮೇಲೆ.

ಈ ಹಣಕ್ಕೆ ಒಂದು ವರ್ಷದ ಹಿಂದಿನ ಇನ್ನೊಂದು ಕಾನೂನು ಗಂಟು ಹಾಕಿಕೊಂಡಿತ್ತು. ಕೇಂದ್ರದ ಹಣ ಪಡೆಯುವ ಯಾರೂ ಬಣ್ಣದ ಮೇಲೆ ಭೇದ ಮಾಡುವಂತಿಲ್ಲ ಎಂದು 1964ರ ನಾಗರಿಕ ಹಕ್ಕು ಕಾಯ್ದೆ ಹೇಳಿತ್ತು. ಆ ತನಕ ದಕ್ಷಿಣದ ಶಾಲಾ ಮಂಡಳಿಗಳಿಗೆ ಕಳೆದುಕೊಳ್ಳಲು ಹೆಚ್ಚೇನೂ ಇರಲಿಲ್ಲ. 1965ರ ನಂತರ ಕಪ್ಪು ಮಕ್ಕಳನ್ನು ಹೊರಗಿಟ್ಟರೆ ಹಣ ನಿಲ್ಲುತ್ತದೆ ಎಂಬ ಭಯ ಬಂತು. ಹತ್ತು ವರ್ಷ ಕೋರ್ಟು ಒಂದೇ ಮಾಡಲಾಗದ್ದನ್ನು ಹಣ ಮತ್ತು ಕೋರ್ಟು ಸೇರಿ ಕೆಲವೇ ವರ್ಷಗಳಲ್ಲಿ ಮಾಡಿದವು. 1972ರಲ್ಲಿ ಹೆಣ್ಣುಮಕ್ಕಳ ವಿರುದ್ಧದ ಭೇದಕ್ಕೆ ತಡೆ, 1975ರಲ್ಲಿ ಅಂಗವೈಕಲ್ಯ ಇರುವ ಮಕ್ಕಳಿಗೆ ಶಾಲೆಯ ಹಕ್ಕು, ಎರಡೂ ನಡೆದದ್ದು ಇದೇ ದಾರಿಯಲ್ಲಿ.

ಆ 1965ರಲ್ಲೇ, ಅಕ್ಟೋಬರ್ 3ರಂದು, ಜಾನ್ಸನ್ ಹೊಸ ವಲಸೆ ಕಾಯ್ದೆಗೂ ಸಹಿ ಹಾಕಿದರು. ಭಾರತದ ಡಾಕ್ಟರುಗಳು, ಎಂಜಿನಿಯರುಗಳು ದೊಡ್ಡ ಸಂಖ್ಯೆಯಲ್ಲಿ ಅಮೆರಿಕಕ್ಕೆ ಹೋಗಲು ದಾರಿಯಾದದ್ದು ಅದರಿಂದ. ಅಲ್ಲಿನ ಕನ್ನಡ ಕೂಟಗಳ ಮೊದಲ ತಲೆಮಾರು ಹೀಗೆ ಹೋದವರದು. ಅವರ ಮಕ್ಕಳು ಕಾಲಿಟ್ಟ ಶಾಲೆಗಳು ಈ ಕಾನೂನುಗಳಿಂದ ಬದಲಾದ ಶಾಲೆಗಳು.

26 ಡಾಲರ್, 333 ಡಾಲರ್

ವಾಷಿಂಗ್ಟನ್‌ನ ಹಣ ನೂರಕ್ಕೆ ಹತ್ತೇ ಆದರೆ, ಹೋದರೆ ಹೋಗಲಿ ಬಿಡಿ ಎನ್ನಬಹುದಲ್ಲ? ಇದಕ್ಕೆ ಉತ್ತರ ಟೆಕ್ಸಸ್‌ನ ಸ್ಯಾನ್ ಆಂಟೋನಿಯೋದ ಒಂದು ಕೇಸಿನಲ್ಲಿದೆ.

ಆ ನಗರದಲ್ಲಿ ಎಜ್‌ವುಡ್ ಎಂಬ ಬಡ ಸ್ಕೂಲ್ ಡಿಸ್ಟ್ರಿಕ್ಟ್, ಆಲಮೋ ಹೈಟ್ಸ್ ಎಂಬ ಶ್ರೀಮಂತ ಡಿಸ್ಟ್ರಿಕ್ಟ್. 1967-68ರ ಲೆಕ್ಕ ನೋಡಿ. ಎಜ್‌ವುಡ್‌ನ ಜನ ಹೆಚ್ಚಿನ ದರದಲ್ಲಿ ಆಸ್ತಿ ತೆರಿಗೆ ಕಟ್ಟುತ್ತಿದ್ದರು. ಆದರೂ ಅವರ ಮನೆಗಳ ಬೆಲೆಯೇ ಕಡಿಮೆಯಾದ್ದರಿಂದ ಒಂದು ಮಗುವಿಗೆ ಊರಿನ ತೆರಿಗೆಯಿಂದ ಸಿಕ್ಕಿದ್ದು 26 ಡಾಲರ್. ಕಡಿಮೆ ದರದಲ್ಲಿ ಕಟ್ಟಿದ ಆಲಮೋ ಹೈಟ್ಸ್‌ನಲ್ಲಿ 333 ಡಾಲರ್. ರಾಜ್ಯ ಎರಡೂ ಕಡೆಗೆ ಸುಮಾರು ಒಂದೇ ಕೊಟ್ಟಿತು: 222 ಮತ್ತು 225. ಕೇಂದ್ರದ ಹಣ ಮಾತ್ರ ಬಡವರ ಕಡೆ ವಾಲಿತು: ಎಜ್‌ವುಡ್‌ಗೆ 108, ಆಲಮೋ ಹೈಟ್ಸ್‌ಗೆ 36. ಎಲ್ಲ ಕೂಡಿದರೂ 356 ಒಂದು ಕಡೆ, 594 ಇನ್ನೊಂದು ಕಡೆ.

ಇದು ಅನ್ಯಾಯ ಎಂದು ಎಜ್‌ವುಡ್‌ನ ತಂದೆತಾಯಿಯರು ಸುಪ್ರೀಂ ಕೋರ್ಟ್ ತನಕ ಹೋದರು. 1973ರಲ್ಲಿ 5-4ರಿಂದ ಸೋತರು. ಶಿಕ್ಷಣ ಅಮೆರಿಕದ ಸಂವಿಧಾನ ಕೊಟ್ಟ ಮೂಲಭೂತ ಹಕ್ಕಲ್ಲ ಎಂದು ಕೋರ್ಟ್ ಹೇಳಿತು. ಆ ಮೇಲೆ ಹಲವು ರಾಜ್ಯಗಳು ತಮ್ಮದೇ ಕಾನೂನಿನಿಂದ ಅಂತರ ಕಡಿಮೆ ಮಾಡಿವೆ. ಆದರೆ ಮೂಲ ವ್ಯವಸ್ಥೆ ಹಾಗೇ ಉಳಿದಿದೆ. ಕೇಂದ್ರದ ಹತ್ತು ಡಾಲರ್ ದೇಶದ ಸರಾಸರಿಯಲ್ಲಿ ಸಣ್ಣದು. ಎಜ್‌ವುಡ್‌ನಂಥ ಊರಿನ ಲೆಕ್ಕದಲ್ಲಿ ಅದು ಸಣ್ಣದಲ್ಲ. ಇಡೀ ಚರ್ಚೆಯಲ್ಲಿ ಮರೆತುಹೋಗುವ ಮಾತು ಇದೇ ಎಂದು ನನಗನಿಸುತ್ತದೆ.

ಹುಟ್ಟಿದ ದಿನದಿಂದಲೇ ಮುಚ್ಚುವ ಮಾತು

ಈಗಿನ ಇಲಾಖೆ ಹುಟ್ಟಿದ್ದು 1979ರಲ್ಲಿ. ಆ ತನಕ ಶಿಕ್ಷಣ, ಆರೋಗ್ಯ, ಕಲ್ಯಾಣ ಮೂರೂ ಒಂದೇ ದೊಡ್ಡ ಇಲಾಖೆಯಲ್ಲಿದ್ದವು. ಬೇರೆ ಮಾಡುತ್ತೇನೆ ಎಂದು ಜಿಮ್ಮಿ ಕಾರ್ಟರ್ ಶಿಕ್ಷಕರ ಅತಿ ದೊಡ್ಡ ಸಂಘಕ್ಕೆ ಚುನಾವಣೆಯಲ್ಲಿ ಮಾತು ಕೊಟ್ಟಿದ್ದರು. ಇನ್ನೊಂದು ಶಿಕ್ಷಕರ ಸಂಘ ವಿರೋಧಿಸಿತು. ಕೆಳಮನೆಯಲ್ಲಿ ಮಸೂದೆ ಮೊದಲು ಗೆದ್ದದ್ದು 210-206ರಿಂದ, ನಾಲ್ಕೇ ಓಟಿನಲ್ಲಿ. ಪಠ್ಯಕ್ರಮದ ಮೇಲೆ ಇಲಾಖೆ ಹಿಡಿತ ಸಾಧಿಸುವಂತಿಲ್ಲ ಎಂದು ಆ ಕಾನೂನಿನಲ್ಲೇ ಬರೆದರು.

ಮರುವರ್ಷವೇ ರೊನಾಲ್ಡ್ ರೇಗನ್ ಅದನ್ನು ಮುಚ್ಚುತ್ತೇನೆ ಎಂದು ಹೇಳಿ ಗೆದ್ದರು. ಆದರೆ ಅವರದೇ ಶಿಕ್ಷಣ ಕಾರ್ಯದರ್ಶಿ ಟೆರೆಲ್ ಬೆಲ್ ನೇಮಿಸಿದ ಆಯೋಗ 1983ರಲ್ಲಿ ದೇಶದ ಶಾಲೆಗಳು ಕುಸಿಯುತ್ತಿವೆ, ದೇಶವೇ ಅಪಾಯದಲ್ಲಿದೆ ಎಂದು ವರದಿ ಕೊಟ್ಟಿತು. ಅಪಾಯ ಇದೆ ಎಂದ ಮೇಲೆ ಇಲಾಖೆ ಮುಚ್ಚುವುದು ಹೇಗೆ? ಮಾತು ಅಲ್ಲಿಗೇ ನಿಂತಿತು.

2001ರ ಸೆಪ್ಟೆಂಬರ್ 11ರ ಬೆಳಿಗ್ಗೆ ಅಧ್ಯಕ್ಷ ಜಾರ್ಜ್ ಬುಷ್ ಇದ್ದದ್ದು ಫ್ಲಾರಿಡಾದ ಸರಸೋಟಾದ ಒಂದು ಪ್ರಾಥಮಿಕ ಶಾಲೆಯಲ್ಲಿ. ಎರಡನೇ ತರಗತಿಯ ಮಕ್ಕಳು ಓದುವುದನ್ನು ಕೇಳುತ್ತ ಕೂತಿದ್ದಾಗ ನ್ಯೂಯಾರ್ಕಿನ ಅವಳಿ ಗೋಪುರಕ್ಕೆ ಎರಡನೇ ವಿಮಾನ ಬಡಿದ ಸುದ್ದಿಯನ್ನು ಕಿವಿಯಲ್ಲಿ ಹೇಳಿದರು. ಅವರು ಅಲ್ಲಿಗೆ ಹೋಗಿದ್ದದ್ದು ತಮ್ಮ ಶಿಕ್ಷಣ ಮಸೂದೆಗೆ ಬೆಂಬಲ ಕೇಳಲು. ನಾಲ್ಕು ತಿಂಗಳಲ್ಲಿ, 2002ರ ಜನವರಿಯಲ್ಲಿ, ಎರಡೂ ಪಕ್ಷ ಸೇರಿ ಅದನ್ನು ಕಾನೂನು ಮಾಡಿದವು. 3ರಿಂದ 8ನೇ ತರಗತಿ ತನಕ ಪ್ರತಿ ವರ್ಷ ಪರೀಕ್ಷೆ, ಅಂಕ ಏರದ ಶಾಲೆಗೆ ದಂಡನೆ. ವಾಷಿಂಗ್ಟನ್ ತರಗತಿಗೆ ಅಷ್ಟು ಹತ್ತಿರ ಬಂದದ್ದು ಅದೇ ಮೊದಲು. ಬಡ ಮಕ್ಕಳ ಅಂಕ ಬೇರೆಯಾಗಿ ಕಾಣತೊಡಗಿದ್ದು ಅದರ ಒಳ್ಳೆಯದು. ಟೀಚರುಗಳು ಪರೀಕ್ಷೆಗಾಗಿಯೇ ಪಾಠ ಮಾಡತೊಡಗಿದ್ದು ಅದರ ಕೆಟ್ಟದ್ದು. ಆ ಸಿಟ್ಟು ಎಡ, ಬಲ ಎರಡೂ ಕಡೆ ಬೆಳೆಯಿತು. 2015ರಲ್ಲಿ ಒಬಾಮಾ ಸಹಿ ಹಾಕಿದ ಹೊಸ ಕಾನೂನು ಹೆಚ್ಚಿನ ಅಧಿಕಾರವನ್ನು ರಾಜ್ಯಗಳಿಗೆ ವಾಪಸ್ ಕೊಟ್ಟಿತು.

ಈಗ ಎರಡೂ ಕಡೆಯವರು ಹೇಳುವುದೇನು?

ಮುಚ್ಚಬೇಕು ಎನ್ನುವವರ ಮಾತು ಹೀಗೆ. ಇಷ್ಟು ವರ್ಷ, ಇಷ್ಟು ಹಣ ಕೊಟ್ಟರೂ ಮಕ್ಕಳ ಕಲಿಕೆ ಏರಿಲ್ಲ. 2024ರ ರಾಷ್ಟ್ರೀಯ ಪರೀಕ್ಷೆಯಲ್ಲಿ 4ನೇ ತರಗತಿಯ ನೂರು ಮಕ್ಕಳಲ್ಲಿ ಸುಮಾರು 40 ಮಕ್ಕಳು ಓದಿನಲ್ಲಿ ಕನಿಷ್ಠ ಮಟ್ಟವನ್ನೂ ಮುಟ್ಟಲಿಲ್ಲ. ಕೋವಿಡ್ ನಂತರ ಶಾಲೆಗಳಿಗೆ ಸುಮಾರು 19,000 ಕೋಟಿ ಡಾಲರ್ ಕೊಟ್ಟರೂ ನಷ್ಟ ತುಂಬಲಿಲ್ಲ. ವಾಷಿಂಗ್ಟನ್‌ಗೆ ವರದಿ ಬರೆಯುವುದರಲ್ಲೇ ಶಾಲೆಗಳ ಸಮಯ ಹೋಗುತ್ತದೆ. ಹಣವನ್ನು ಷರತ್ತಿಲ್ಲದೆ ರಾಜ್ಯಗಳಿಗೆ ಕೊಟ್ಟುಬಿಡಿ, ತಮ್ಮ ಮಕ್ಕಳಿಗೆ ಏನು ಬೇಕೆಂದು ಅವರಿಗೆ ಗೊತ್ತು.

ಈ ವಾದವನ್ನು ತಳ್ಳಿಹಾಕಬಾರದು. ಕಾಗದದ ಹೊರೆ ನಿಜ, ಅಂಕ ಕುಸಿದದ್ದೂ ನಿಜ. ಆದರೆ ಪಾಠ ಮಾಡದ, ಪುಸ್ತಕ ಆರಿಸದ, ಟೀಚರನ್ನು ನೇಮಿಸದ ಇಲಾಖೆಯ ಮೇಲೆ ಅಂಕದ ಹೊಣೆ ಪೂರ್ತಿ ಹೊರಿಸುವುದು ಸರಿಯಲ್ಲ. ಅಂಕ ಬೀಳಲು ಕಾರಣವಾದ ರಾಜ್ಯ, ಮಂಡಳಿಗಳಿಗೇ ಇನ್ನಷ್ಟು ಅಧಿಕಾರ ಕೊಟ್ಟರೆ ಅಂಕ ಹೇಗೆ ಏರುತ್ತದೆ ಎಂಬುದನ್ನು ಈ ಕಡೆಯವರು ಇನ್ನೂ ಬಿಡಿಸಿ ಹೇಳಿಲ್ಲ.

ಉಳಿಸಬೇಕು ಎನ್ನುವವರು ಇತಿಹಾಸ ತೋರಿಸುತ್ತಾರೆ. ರಾಜ್ಯಗಳಿಗೇ ಬಿಟ್ಟಿದ್ದಾಗ ಕಪ್ಪು ಮಕ್ಕಳು ಹೊರಗಿದ್ದರು, ಅಂಗವೈಕಲ್ಯ ಇದ್ದ ಮಕ್ಕಳು ಮನೆಯಲ್ಲೇ ಇದ್ದರು ಎನ್ನುತ್ತಾರೆ. ಇದೂ ನಿಜ. ಆದರೆ ಈ ಕಡೆಯವರೂ ಒಂದು ಒಪ್ಪಿಕೊಳ್ಳಬೇಕು. 1975ರ ಕಾನೂನು ಅಂಗವೈಕಲ್ಯ ಇರುವ ಮಕ್ಕಳಿಗೆ ಆಗುವ ಹೆಚ್ಚಿನ ಖರ್ಚಿಗೆ, ದೇಶದ ಸರಾಸರಿ ಶಾಲಾ ವೆಚ್ಚದ ನೂರಕ್ಕೆ 40ರ ತನಕ ಕೊಡುತ್ತೇವೆ ಎಂದಿತ್ತು. ಯಾವ ಪಕ್ಷದ ಸರ್ಕಾರವೂ ಇವತ್ತಿನವರೆಗೆ ಆ ಮಾತು ಪೂರ್ತಿ ಉಳಿಸಿಕೊಂಡಿಲ್ಲ.

ಮುಚ್ಚದೆಯೇ ಖಾಲಿ ಮಾಡುವುದು

ಸಂಸತ್ತು ಮಾಡಿದ ಇಲಾಖೆಯನ್ನು ಸಂಸತ್ತೇ ಮುಚ್ಚಬೇಕು. ಅಧ್ಯಕ್ಷರ ಸಹಿ ಸಾಲದು. ಮೇಲ್ಮನೆಯಾದ ಸೆನೆಟ್‌ನಲ್ಲಿ ಇಂಥ ಮಸೂದೆ ಮುಂದೆ ಹೋಗಲು 60 ಓಟು ಬೇಕು, 2025ರಲ್ಲಿ ಟ್ರಂಪ್ ಅವರ ರಿಪಬ್ಲಿಕನ್ ಪಕ್ಷದ ಬಳಿ ಇದ್ದದ್ದು 53. ಹಾಗಾಗಿ ಬೇರೆ ದಾರಿ ಹಿಡಿದರು. ಕಟ್ಟಡ ಇರಲಿ, ಒಳಗಿನ ಜನ ಹೋಗಲಿ.

2025ರಲ್ಲಿ ಟ್ರಂಪ್ ಅಧಿಕಾರಕ್ಕೆ ಬಂದಾಗ ಇಲಾಖೆಯಲ್ಲಿ 4,133 ನೌಕರರಿದ್ದರು. ಮಾರ್ಚ್ 11ರಂದು 1,300ಕ್ಕೂ ಹೆಚ್ಚು ಜನರಿಗೆ ನೋಟಿಸ್ ಹೋಯಿತು. ತಾವಾಗಿ ಬಿಟ್ಟವರೂ ಸೇರಿ ಉಳಿಯುವವರು ಸುಮಾರು 2,180. ಕೆಲವು ರಾಜ್ಯಗಳು, ಸ್ಕೂಲ್ ಡಿಸ್ಟ್ರಿಕ್ಟ್‌ಗಳು, ಶಿಕ್ಷಕರ ಸಂಘಗಳು ಕೋರ್ಟಿಗೆ ಹೋದವು. ಇಷ್ಟು ಜನರನ್ನು ತೆಗೆದರೆ ಇಲಾಖೆ ತನ್ನ ಕಾನೂನಿನ ಕೆಲಸ ಮಾಡಲಾರದು ಎಂದು ಮೇ 22ರಂದು ಬಾಸ್ಟನ್‌ನ ನ್ಯಾಯಾಧೀಶರು ತಡೆ ಕೊಟ್ಟರು. ಜುಲೈ 14ರಂದು ಸುಪ್ರೀಂ ಕೋರ್ಟ್ ಆ ತಡೆಯನ್ನು ತೆಗೆಯಿತು. ಕಾರಣ ಬರೆಯಲಿಲ್ಲ. ಮೂವರು ನ್ಯಾಯಮೂರ್ತಿಗಳು ಒಪ್ಪಲಿಲ್ಲ. ಇಲ್ಲಿ ಒಂದು ಸೂಕ್ಷ್ಮ ಇದೆ: ಇಲಾಖೆ ಮುಚ್ಚಬಹುದು ಎಂದು ಕೋರ್ಟ್ ಹೇಳಿಲ್ಲ. ಕೇಸು ನಡೆಯುವಾಗ ನೌಕರರನ್ನು ಕಳಿಸಬಹುದು ಎಂದಷ್ಟೇ ಹೇಳಿದೆ.

ನವೆಂಬರ್ 18ರಂದು ಇನ್ನೊಂದು ಹೆಜ್ಜೆ. ನಾಲ್ಕು ಇಲಾಖೆಗಳ ಜೊತೆ ಆರು ಒಪ್ಪಂದ ಮಾಡಿಕೊಂಡರು. ಟೈಟಲ್ ಒನ್ ನಡೆಸುವ ಕೆಲಸ ಕಾರ್ಮಿಕ ಇಲಾಖೆಗೆ, ಮೂಲನಿವಾಸಿ ಮಕ್ಕಳ ಶಿಕ್ಷಣ ಒಳನಾಡು ಇಲಾಖೆಗೆ. ಸ್ಪುಟ್ನಿಕ್ ಕಾಲದ ಆ ವಿದೇಶಿ ಭಾಷಾ ಅಧ್ಯಯನದ ಕೆಲಸ ವಿದೇಶಾಂಗ ಇಲಾಖೆಗೆ.

ಯಾರಿಗೆ ಏನಾಗಬಹುದು?

ಮೊದಲು ನಮ್ಮ ಕಡೆಯ ಪ್ರಶ್ನೆ. ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಓದಲು ಹೋಗುವವರ ವೀಸಾಕ್ಕೂ ಈ ಇಲಾಖೆಗೂ ಸಂಬಂಧವಿಲ್ಲ. ವೀಸಾ ವಿದೇಶಾಂಗ ಇಲಾಖೆಯದು, ಅಲ್ಲಿಗೆ ಹೋದ ಮೇಲಿನ ನಿಗಾ ಗೃಹ ಭದ್ರತಾ ಇಲಾಖೆಯದು. ಕಾಲೇಜುಗಳಿಗೆ ಮಾನ್ಯತೆ ಕೊಡುವ ಸಂಸ್ಥೆಗಳನ್ನು ಗುರುತಿಸುವುದು ಮಾತ್ರ ಶಿಕ್ಷಣ ಇಲಾಖೆ. ಅದರಲ್ಲಿ ಬದಲಾವಣೆ ಆದರೆ ಗಮನಿಸಬೇಕು.

ಸಾಲ ತೆಗೆದುಕೊಂಡವರ ಸಾಲ ಎಲ್ಲೂ ಹೋಗುವುದಿಲ್ಲ. ಇಲಾಖೆ ಇರಲಿ ಬಿಡಲಿ, ಕಟ್ಟಲೇಬೇಕು. ಟೈಟಲ್ ಒನ್ ಹಣವೂ ಸಂಸತ್ತು ಮಂಜೂರು ಮಾಡುವ ತನಕ ಬರುತ್ತದೆ. ತಡವಾಗಬಹುದು, ಏಕೆಂದರೆ ಆ ಕೆಲಸ ಗೊತ್ತಿದ್ದವರು ಕಡಿಮೆಯಾಗಿದ್ದಾರೆ. ನಿಜವಾದ ಅಪಾಯ ಬರುವುದು ಹಣವನ್ನು ಷರತ್ತಿಲ್ಲದೆ ಕೊಡುವ ಕಾನೂನು ಬಂದಾಗ. ಆಗ ಎಜ್‌ವುಡ್‌ಗೆ ಸೇರಬೇಕಾದದ್ದು ಆಲಮೋ ಹೈಟ್ಸ್‌ಗೂ ಹಂಚಿಹೋಗಬಹುದು.

ಈಗಾಗಲೇ ಪೆಟ್ಟು ಬಿದ್ದಿರುವುದು ಹಕ್ಕಿನ ಬಾಗಿಲಿಗೆ. ನಾಗರಿಕ ಹಕ್ಕುಗಳ ವಿಭಾಗದ 12 ಪ್ರಾದೇಶಿಕ ಕಚೇರಿಗಳಲ್ಲಿ 7ನ್ನು ಮುಚ್ಚಿದರು. ಕಿವಿ ಕೇಳಿಸದ ಒಂದು ಮಗುವನ್ನು ಯೋಚಿಸಿ. ತರಗತಿಯಲ್ಲಿ ಸಂಜ್ಞಾ ಭಾಷೆಯಲ್ಲಿ ತಿಳಿಸಿ ಹೇಳುವವರೊಬ್ಬರು ಬೇಕು ಎಂಬುದು ಆ ಮಗುವಿಗೆ ಕಾನೂನು ಕೊಟ್ಟ ಹಕ್ಕು. ಶಾಲೆ ಕೊಡಲಿಲ್ಲ. ಅಮ್ಮ ದೂರು ಬರೆದಳು. ಕಾನೂನು ಇವತ್ತೂ ಹಾಗೇ ಇದೆ, ಒಂದು ಅಕ್ಷರವೂ ಬದಲಾಗಿಲ್ಲ. ಆದರೆ ಆ ದೂರನ್ನು ಓದಿ, ಶಾಲೆಗೆ ಫೋನ್ ಮಾಡಿ, "ಯಾಕೆ ಕೊಟ್ಟಿಲ್ಲ?" ಎಂದು ಕೇಳುವ ಹಲವರ ಕುರ್ಚಿ 2025ರಲ್ಲಿ ಖಾಲಿಯಾಯಿತು. ದುಡ್ಡಿದ್ದವರು ವಕೀಲರನ್ನು ಇಡುತ್ತಾರೆ. ಇಲ್ಲದವರಿಗೆ ಇದ್ದ ಮುಖ್ಯ ದಾರಿ ಆ ದೂರು. ಮಗುವಿಗೆ ಮಾತ್ರ ಮೂರನೇ ತರಗತಿ ಒಂದೇ ಸಲ ಬರುತ್ತದೆ.

ಇನ್ನೊಂದು ಪೆಟ್ಟು ಲೆಕ್ಕಕ್ಕೆ. 1867ರ ಕೆಲಸವನ್ನು ಇವತ್ತು ಮಾಡುವ ಶಿಕ್ಷಣ ಅಂಕಿಅಂಶ ಕೇಂದ್ರದಲ್ಲಿ ನೂರರಷ್ಟಿದ್ದ ನೌಕರರು ಬೆರಳೆಣಿಕೆಗೆ ಇಳಿದರು. ಇಲಾಖೆ ಸೋತಿದೆ ಎಂದು ಒಂದು ಕಡೆಯವರು, ಬೇಕೇ ಬೇಕು ಎಂದು ಇನ್ನೊಂದು ಕಡೆಯವರು ತೋರಿಸುವ ಅಂಕಿಗಳಲ್ಲಿ ಹೆಚ್ಚಿನವು ಆ ಕೇಂದ್ರದವೇ. 4 ಮತ್ತು 8ನೇ ತರಗತಿಯ ರಾಷ್ಟ್ರೀಯ ಪರೀಕ್ಷೆಯ, 2024ರ ನಂತರದ ಸುತ್ತು 2026ರ ಮೊದಲ ತಿಂಗಳುಗಳಿಗೆ ನಿಗದಿಯಾಗಿತ್ತು. ನೌಕರರನ್ನು ಕಳಿಸಿದ ಮೇಲೆ ಮಕ್ಕಳ ಓದು ಏರಿತೋ ಇಳಿಯಿತೋ ಎಂಬುದು ಮೊದಲು ಗೊತ್ತಾಗಬೇಕಾದದ್ದು ಅಲ್ಲಿಂದ. ಅದನ್ನು ನಡೆಸಿ, ರಾಜ್ಯ ರಾಜ್ಯದ ಅಂಕ ಕೂಡಿಸಿ, ತಪ್ಪಿಲ್ಲದೆ ಜನರ ಮುಂದಿಡುವ ಕೆಲಸ ಆ ಉಳಿದ ಕೆಲವೇ ಜನರ ಮೇಲೆ ಬಿತ್ತು.